ಮಡಚಿಟ್ಟ ಕೋಣೆ

ಆ ಬೇಸಿಗೆ ಸೋನ್‌ಕುಲ್ ಸರೋವರದ ಹುಲ್ಲುಗಾವಲಿಗೆ
ಕಪ್ಪುಹಲಗೆ ಬರಲೇ ಇಲ್ಲ.
ಏರುದಾರಿಯಲ್ಲಿ ಕುದುರೆ ಮೈಕೊಡವಿ
ಅದು ಕಣಿವೆಯ ಪಾಲಾಗಿತ್ತು.
ಉಳಿದದ್ದು ದಾಮಿರಾ ಟೀಚರ್ ಜೇಬಿನಲ್ಲಿ
ಬೆರಳುದ್ದ ಸೀಮೆಸುಣ್ಣ,
ಎದುರಿಗೆ ನಾವು ಒಂಬತ್ತು ಜನ,
ಲೆಕ್ಕವೆಂದರೆ ಕುರಿ ಎಣಿಸುವುದು ಎಂದುಕೊಂಡವರು.

ಬಂಡೆಯ ಮೇಲೆ ಚುಕ್ಕೆಯೊಂದನ್ನು ಇಟ್ಟರು.
"ಇದರೊಳಗಿರುವವನಿಗೆ ಹೋಗಲು ಜಾಗವಿಲ್ಲ.
ಎಲ್ಲಿದ್ದೀ ಎಂದು ಕೇಳುವ ಹಾಗೂ ಇಲ್ಲ,
ಅವನಿಗಿರುವುದು ಅದೊಂದೇ ಎಲ್ಲಿ."
"ನಮ್ಮಜ್ಜನ ಹಾಗೆ," ಎಂದ ಎರ್ಮೆಕ್,
"ಒಲೆ ಬಿಟ್ಟು ಕದಲುವುದಿಲ್ಲ."

ಆಮೇಲೆ ಗುಡಾರದ ಹಗ್ಗ, ಹಗ್ಗದ ಮೇಲೊಂದು ಇರುವೆ.
"ಮುಂದೆ, ಇಲ್ಲವೇ ಹಿಂದೆ. ಬೇರೆ ದಾರಿಯಿಲ್ಲ.
ಗೂಟದಿಂದ ಏಳು ಗೇಣು ಅಂದರೆ ಸಾಕು, ಸಿಕ್ಕಿಬಿಡುತ್ತದೆ.
ಎದುರಿಂದ ಇನ್ನೊಂದು ಬಂದರೆ
ಯಾರಾದರೂ ಹಿಂದೆ ಸರಿಯಲೇಬೇಕು."
ಬಂತು ಇನ್ನೊಂದು.
ಮೊದಲನೆಯದು ಮೆಲ್ಲಗೆ ಹಗ್ಗದ ಅಡಿಗೆ ಹೊರಳಿ
ದಾಟಿಕೊಂಡು ಹೋಯಿತು.
ನಾವು ಬಿದ್ದು ಬಿದ್ದು ನಕ್ಕೆವು.
ಟೀಚರೂ ನಕ್ಕರು:
"ಹಗ್ಗಕ್ಕೆ ದಪ್ಪವಿದೆ, ಅದು ಇರುವೆಗೆ ಗೊತ್ತು.
ದಪ್ಪವೇ ಇಲ್ಲದ ಗೆರೆ ಹೊರಗೆಲ್ಲೂ ಸಿಗುವುದಿಲ್ಲ ಮಕ್ಕಳೇ,
ತಲೆಯೊಳಗೇ ಎಳೆಯಬೇಕು."

ಅಮ್ಮ ತುಳಿದು ತುಳಿದು ಹದ ಮಾಡಿದ ಉಣ್ಣೆಹಾಸಿನ ಮೇಲೆ
ಟಗರುಕೊಂಬಿನ ಚಿತ್ತಾರದ ನಡುವೆ
ಒಂದು ಗುಂಡಿ ಬಿದ್ದಿತ್ತು, ಯಾರದೋ ಅಂಗಿಯದು.
ಈ ಅಂಚಿನಿಂದ ಐದು, ಆ ಅಂಚಿನಿಂದ ಮೂರು.
ಒಂದು ಸಂಖ್ಯೆ ಸಾಲದು, ಎರಡು ಬೇಕು.
ಬೇಲಿಯೊಳಗಿನ ಕುರಿಗೂ ಎರಡೇ;
ಅದಕ್ಕೇ ಅದು ಸುತ್ತುತ್ತದೆ, ಸುತ್ತುತ್ತದೆ, ಬಾಗಿಲು ಹುಡುಕುತ್ತದೆ.

"ತಲೆಯೆತ್ತಿ ನೋಡಿ," ಎಂದರು.
ಹದ್ದು.
ಅದಕ್ಕೆ ಆ ದೊಡ್ಡಿ ಮುಚ್ಚಿಯೇ ಇಲ್ಲ,
ತೆರೆದಿಟ್ಟ ತಟ್ಟೆ.
ಎತ್ತರವೆಂಬುದು ಮೂರನೆಯ ಸಂಖ್ಯೆ,
ಅದು ಗೊತ್ತಿರುವವನಿಗೆ ಬೇಲಿ ಬರೀ ನೆಲದ ಮೇಲಿನ ಗೀರು.

ನನಗೆ ಹೊಳೆದದ್ದು ಅಪ್ಪನ ಬೀಗ ಹಾಕಿದ ಪೆಟ್ಟಿಗೆ.
ಅದರೊಳಗೆ ಸಕ್ಕರೆ ಗಡ್ಡೆ.
"ನಾಲ್ಕನೆಯ ದಿಕ್ಕೊಂದು ಇದ್ದರೆ, ಟೀಚರ್,
ಅಲ್ಲಿಂದ ಬಗ್ಗಿದವನಿಗೆ ನಮ್ಮ ಪೆಟ್ಟಿಗೆಯೂ ತೆರೆದೇ ಇರುತ್ತದಾ?
ಮುಚ್ಚಳ ಎತ್ತದೆಯೇ ಸಕ್ಕರೆ ತೆಗೆಯಬಹುದಾ?"
ತುಂಬ ಹೊತ್ತು ನನ್ನನ್ನೇ ನೋಡಿದರು.
"ಲೆಕ್ಕದಲ್ಲಿ ಖಂಡಿತ.
ಕೈಗೆ ಮಾತ್ರ ಆ ದಾರಿ ಗೊತ್ತಿಲ್ಲ.
ಆದರೂ ಇನ್ನೊಂದು ಸಂಖ್ಯೆ ಇದೆ ಕೇಳು, ಅದು ಬೇರೆ ಜಾತಿಯದು.
ನಮ್ಮ ಗುಡಾರಕ್ಕೆ ಬಾ ಎಂದರೆ ಸಾಕೇ?
ಯಾವಾಗ ಎನ್ನಬೇಡವೇ?"
ಸೂರಿನ ಕಿಂಡಿಯಿಂದ ಬಿದ್ದ ಬಿಸಿಲಿನ ಬಿಲ್ಲೆ
ಪೆಟ್ಟಿಗೆಯನ್ನು ಮುಟ್ಟಿದಾಗ. ಕುದುರೆ ಹಾಲು ಕರೆಯುವ ಹೊತ್ತಿಗೆ.
ಹಾಗೆ ಹೇಳಿಕೊಂಡು ಎಲ್ಲರೂ ಬಂದೆವು, ಚಹಾ ಕುಡಿದೆವು.

ಸೆಪ್ಟೆಂಬರಿನ ಮೊದಲ ಹಿಮಕ್ಕೆ ಮುಂಚೆ
ಎರ್ಮೆಕನ ಮನೆ ಬಿಚ್ಚಿದರು.
ಉಣ್ಣೆ ಸುಲಿದು ಸುತ್ತಿದರು.
ದುಂಡಗಿದ್ದ ಜಾಲರಿ ಗೋಡೆಯನ್ನು ನೆಟ್ಟಗೆ ಚಪ್ಪಟೆ ಮಾಡಿ
ಆಮೇಲೆ ಎರಡೂ ಕಡೆಯಿಂದ ಒತ್ತಿದರು:
ಕೋಣೆ ಹಾಳೆಯಾಯಿತು, ಹಾಳೆ ಕಟ್ಟಿಗೆಯ ಕಂತೆಯಾಯಿತು.
ನೆಲದ ಮೇಲೆ ಉಳಿದದ್ದು
ಹಳದಿ ಹುಲ್ಲಿನ ಒಂದು ಬಳೆ, ಒಳಗೊಂದು ಕರಿಚುಕ್ಕೆ.

ಎರ್ಮೆಕ್ ಇಲ್ಲದ ಬಾಗಿಲಿನಿಂದಲೇ ಒಳಗೆ ಹೋದ.
ಹೆಜ್ಜೆ ಎಣಿಸಿದ. ನೇರಕ್ಕೆ ನಾಲ್ಕು, ಎಡಕ್ಕೆ ಒಂದು.
ಕೂತ ಮುದುಕನ ತಲೆಯಷ್ಟು ಎತ್ತರಕ್ಕೆ
ಗಾಳಿಯಲ್ಲಿ ಅಂಗೈ ಹಿಡಿದ.
"ಮೂರೂ ಸರಿ ಇವೆ, ಟೀಚರ್," ಎಂದ.

ಅಜ್ಜನನ್ನು ಮಣ್ಣು ಮಾಡಿ ಹನ್ನೊಂದು ದಿನವಾಗಿತ್ತು.

ಟೀಚರ್ ಏನೂ ಹೇಳಲಿಲ್ಲ.
ಜೀನಿನ ಪಟ್ಟಿಯನ್ನು ಬಿಗಿಮಾಡಿದರು, ಇನ್ನೊಮ್ಮೆ ಬಿಗಿಮಾಡಿದರು.
ಇಳಿಜಾರಿನಲ್ಲಿ ನಮ್ಮ ಮುಂದೆ
ಮನೆಯನ್ನು ಬೆನ್ನ ಮೇಲೆ ಹೊತ್ತ ಕಂದು ಕುದುರೆ
ಜಾರದಂತೆ ಕಾಲೂರುತ್ತ ಹೋಗುತ್ತಿತ್ತು.